ಬೆಳಗಾವಿಯಿಂದ ಎರಡು ದಿನ: ಗೋವಾ, ಬೆಂಗಳೂರು, ಮುಂಬೈ, ಪುಣೆ, ನಮ್ಮಂಥವರಿಗೆ ಯಾವುದು ಸರಿ?

ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಜೊತೆಗೆ ಬರುವವರು ಮನೆಯವರ ಲೆಕ್ಕದಲ್ಲಿ ಬರೀ ‘ಫ್ರೆಂಡ್’. ಎಲ್ಲಿಗೆ ಹೋದರೆ ಒಂದೇ ಕೋಣೆಯಲ್ಲಿ ನೆಮ್ಮದಿಯಾಗಿ ಇರಬಹುದು, ರಾತ್ರಿ ಒಂದಿಷ್ಟು ಕುಣಿಯಬಹುದು, ನಮ್ಮಂಥವರು ನಾಲ್ಕು ಮಂದಿ ಸಿಗುತ್ತಾರೆ? ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಗೇ, ಲೆಸ್ಬಿಯನ್, ಟ್ರಾನ್ಸ್ ಗೆಳೆಯರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಈ ವಿಷಯಕ್ಕೆ ಸಿಗುವ ಪಟ್ಟಿಗಳು ಬಹುತೇಕ ವಿಮಾನದಿಂದ ಇಳಿಯುವ ಪ್ರವಾಸಿಗರಿಗಾಗಿ ಬರೆದವು. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಬರುವ ಬೆಳಗಾವಿಯ ಕೆಎ-22 ಗಾಡಿಯವರ ಚಿಂತೆ ಬೇರೆಯೇ ಇರುತ್ತದೆ.

ಮೊದಲು ಏನನ್ನು ತೂಗಬೇಕು

ಪಬ್ ಎಷ್ಟಿವೆ ಎಂದು ಎಣಿಸುವ ಮೊದಲು ಒಂದು ಮಾತು ನಿಮಗೆ ನೀವೇ ಕೇಳಿಕೊಳ್ಳಿ: ಈ ಸಲ ಹೊರಡುತ್ತಿರುವುದು ಯಾರ ಕಣ್ಣಿಗೂ ಬೀಳದೆ ಇರುವುದಕ್ಕೋ, ನಮ್ಮ ಮಂದಿಯನ್ನು ಹುಡುಕಿಕೊಳ್ಳುವುದಕ್ಕೋ? ಎರಡಕ್ಕೂ ಊರು ಬೇರೆ ಬೇರೆ. ಒಂದನ್ನು ಬಯಸಿ ಇನ್ನೊಂದರ ಊರಿಗೆ ಹೋದವರೇ ಬೇಜಾರು ಮಾಡಿಕೊಂಡು ಬರುವುದು.

ಎರಡನೆಯದು ಪರಿಚಯದ ಮುಖ. ದೂರ ಹೋದಷ್ಟೂ ಪರಿಚಯದವರು ಕಡಿಮೆ ಎಂದು ಲೆಕ್ಕ ಹಾಕುತ್ತೇವೆ. ನಮ್ಮ ಭಾಗದಲ್ಲಿ ಆ ಲೆಕ್ಕ ಕೂಡುವುದಿಲ್ಲ. ಯಾಕೆಂದು ಗೋವಾದ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮೂರನೆಯದು ಕೋಣೆ. ಇದರಲ್ಲಿ ಎಲ್ಲರ ಪಾಡೂ ಒಂದೇ ಅಲ್ಲ. ಇಬ್ಬರು ಗಂಡಸರು ಕೋಣೆ ಕೇಳಿದರೆ ನಮ್ಮ ಕಡೆಯ ಲಾಡ್ಜಿನವರು ಎರಡನೇ ಮಾತು ಆಡುವುದಿಲ್ಲ. ಕೋರ್ಟು ಕೆಲಸಕ್ಕೆ ಬಂದವರು, ಔಷಧ ಕಂಪನಿಯ ರೆಪ್‌ಗಳು, ಪರೀಕ್ಷೆ ಬರೆಯಲು ಬಂದವರು ಎಲ್ಲರೂ ಹಾಗೇ ಉಳಿಯುತ್ತಾರೆ. ಇಬ್ಬರು ಹುಡುಗಿಯರು ಹೋದರೆ “ಮನ್ಯಾಗ ಹೇಳಿ ಬಂದೀರೇನವಾ?” ಎಂಬ ವಿಚಾರಣೆ ಶುರು. ಟ್ರಾನ್ಸ್ ಮಹಿಳೆ ಹೋದರೆ “ರೂಮ್ ಖಾಲಿ ಇಲ್ರೀ” ಎಂಬ ಒಂದೇ ಉತ್ತರ, ಬೆನ್ನ ಹಿಂದಿನ ಬೋರ್ಡಿನಲ್ಲಿ ಕೀಲಿಕೈಗಳು ಸಾಲಾಗಿ ತೂಗುತ್ತಿದ್ದರೂ. ಹಾಗಾಗಿ ಗೇ ಹುಡುಗರು ಬರೆದ ‘ಯಾವ ತೊಂದರೆಯೂ ಇಲ್ಲ’ ಎಂಬ ಅಭಿಪ್ರಾಯವನ್ನು ಉಳಿದವರು ನಂಬಿ ಹೋಗಬೇಡಿ.

ಕಾನೂನು ನಿಮ್ಮ ಕಡೆಗಿದೆ. ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಹೇಳಿತು. ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಆ ಭಾಗ ಅಲ್ಲಿಗೆ ಮುಗಿಯಿತು. ಮದುವೆಯಾಗದ ಇಬ್ಬರು ವಯಸ್ಕರು ಹೋಟೆಲ್ ಕೋಣೆಯಲ್ಲಿ ಇರಬಾರದೆಂದು ಯಾವ ಕಾನೂನೂ ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ. ಸಾರ್ವಜನಿಕರಿಗೆ ಕೊಡುವ ಸೇವೆ, ಸೌಲಭ್ಯಗಳನ್ನು ಟ್ರಾನ್ಸ್ ವ್ಯಕ್ತಿಗಳಿಗೆ ನಿರಾಕರಿಸುವುದನ್ನು 2019ರ ಕಾಯ್ದೆ ತಡೆಯುತ್ತದೆ. ಇತ್ತ 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲವಾದ್ದರಿಂದ ‘ನಾವಿಬ್ಬರೂ ದಂಪತಿ’ ಎಂದು ತೋರಿಸುವ ಕಾಗದ ನಮ್ಮ ಬಳಿ ಇಲ್ಲ. ಒಟ್ಟಿನಲ್ಲಿ ಪೊಲೀಸರು ಕೇಸು ಹಾಕಲಾರರು, ಆದರೆ ಮ್ಯಾನೇಜರ್ ಕೋಣೆ ಕೊಡದೆ ಕಳಿಸಿಬಿಡಬಹುದು. ರಾತ್ರಿ ಹನ್ನೊಂದಕ್ಕೆ ಬ್ಯಾಗು ಹಿಡಿದು ನಿಂತಾಗ ಕಾಯ್ದೆ ಓದಿ ಹೇಳುವ ತ್ರಾಣ ಯಾರಿಗಿರುತ್ತದೆ?

ನಾಲ್ಕನೆಯದು ರಾತ್ರಿ ಮುಗಿದ ಮೇಲೆ ಕೋಣೆಗೆ ಮರಳುವ ದಾರಿ. ಐದನೆಯದು ರೊಕ್ಕ. ಇನ್ನು ಇಪ್ಪತ್ತರ ಆಸುಪಾಸಿನವರಿಗೆ ಆರನೆಯದೂ ಒಂದಿದೆ: ಕುಡಿಯಲು ಗೋವಾದಲ್ಲಿ 18 ತುಂಬಿದ್ದರೆ ಸಾಕು, ಕರ್ನಾಟಕದ ಪಬ್‌ಗಳಲ್ಲಿ 21 ಕೇಳುತ್ತಾರೆ, ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿನಂಥ ಮದ್ಯಕ್ಕೆ 25. ಇಪ್ಪತ್ತೆರಡರ ಹುಡುಗ ಮುಂಬೈವರೆಗೆ ಹೋಗಿ ಕ್ಲಬ್ಬಿನ ಬಾಗಿಲಲ್ಲಿ ಐಡಿ ತೋರಿಸಿ ಹಿಂದಿರುಗಿದರೆ ಅದಕ್ಕಿಂತ ಪೇಚು ಇಲ್ಲ.

ಊರಲ್ಲೇ ಉಳಿದರೆ

ಬೆಳಗಾವಿಯಲ್ಲಿ ನಮ್ಮದೇ ಎನ್ನುವ ಬಾರ್ ಇಲ್ಲ, ನಮಗಾಗಿ ಮೀಸಲಾದ ರಾತ್ರಿಯೂ ಇಲ್ಲ. ಕ್ಯಾಂಪಿನ ಮರಗಳ ಸಾಲಿನಲ್ಲಿ ಸಂಜೆ ಅಡ್ಡಾಡಬಹುದು, ತಿಲಕವಾಡಿಯ ಕೆಫೆಯೊಂದರಲ್ಲಿ ಎರಡು ತಾಸು ಕೂತರೆ ಯಾರೂ ಎಬ್ಬಿಸುವುದಿಲ್ಲ. ಹೊರಗಿನಿಂದ ಬಂದು ಓದುವ ಹುಡುಗ ಹುಡುಗಿಯರು ಹೆಚ್ಚಿರುವ ಕಡೆ ದಿಟ್ಟಿಸಿ ನೋಡುವವರು ಕಡಿಮೆ, ಖಡೇಬಜಾರ್ ಶಹಾಪುರದ ಓಣಿಗಳಲ್ಲಿ ಜಾಸ್ತಿ. ಅಷ್ಟೇ ಭೂಗೋಳ. ಕೋಣೆಯ ಮಾತಿಗೆ ಬಂದರೆ ಆಧಾರ್ ಕಾರ್ಡಿನಲ್ಲಿ ಬೆಳಗಾವಿಯದೇ ವಿಳಾಸವಿದ್ದರೆ “ಲೋಕಲ್ ಐಡಿ ನಡ್ಯೂದಿಲ್ಲ” ಎನ್ನುವ ಲಾಡ್ಜುಗಳು ಬೇಕಾದಷ್ಟಿವೆ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಇದ್ದಾಗಲಂತೂ ಊರಿನ ಹೋಟೆಲುಗಳ ತುಂಬ ಅಧಿಕಾರಿಗಳು, ಪೊಲೀಸರು, ಪತ್ರಕರ್ತರು. ಆ ಹದಿನೈದು ದಿನ ಇಲ್ಲಿ ಕೋಣೆ ಹುಡುಕುವ ಗೋಜಿಗೇ ಹೋಗಬೇಡಿ.

ಇದೇ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಂದು ತಲೆಯ ಮೇಲೆ ಕೊಡ ಹೊತ್ತು ಬರುವ ಜೋಗಪ್ಪಂದಿರನ್ನು ನಮ್ಮ ಅಜ್ಜಿಯರು ಕೈಮುಗಿದು ನೋಡುತ್ತಾರೆ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗಂಡು ಹೆಣ್ಣಿನ ಗೆರೆ ದಾಟಿದವರನ್ನು ಈ ಸೀಮೆ ಕಂಡೇ ಇಲ್ಲ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಅದೇ ಜೋಗಮ್ಮನ ಪಡ್ಡಲಗಿಗೆ (ಬುಟ್ಟಿಗೆ) ಜೋಳ ಹಾಕುವ ಊರು ಲಾಡ್ಜಿನಲ್ಲಿ ಕೋಣೆ ಕೊಡುವುದಿಲ್ಲ ಎಂಬುದೂ ಅಷ್ಟೇ ಖರೆ. ಗುಡ್ಡವನ್ನು ಈ ಪಟ್ಟಿಯ ಪ್ರವಾಸದ ತಾಣವಾಗಿ ನಾನು ಸೇರಿಸುವುದಿಲ್ಲ. ಅಲ್ಲಿಗೆ ಹೋಗುವುದು ಅವರ ಹರಕೆ, ನಮ್ಮ ವಾರಾಂತ್ಯ ಅಲ್ಲ.

ಗೋವಾ: ಹತ್ತಿರ, ಅಗ್ಗ, ಆದರೆ...

ಚೋರ್ಲಾ ಮೂಲಕ ಪಣಜಿಗೆ ನಾಲ್ಕು ತಾಸಿನೊಳಗಿನ ದಾರಿ. ನಮ್ಮ ಸಾರಿಗೆ ಬಸ್ಸೂ ಇದೆ, ಗೋವಾದ ಕದಂಬವೂ ಇದೆ. ಹೀಗಾಗಿ ಎಲ್ಲರ ಬಾಯಿಗೆ ಮೊದಲು ಬರುವುದು ಗೋವಾ. ತೊಂದರೆ ಇರುವುದೂ ಅಲ್ಲೇ, ಎಲ್ಲರ ಬಾಯಿಗೂ ಬರುತ್ತದೆ. ಶನಿವಾರ ಸಂಜೆ ಬಾಗಾ, ಕಲಂಗುಟ್‌ನ ಪಾರ್ಕಿಂಗಿನಲ್ಲಿ ಸುಮ್ಮನೆ ನಂಬರ್ ಪ್ಲೇಟುಗಳ ಮೇಲೆ ಕಣ್ಣಾಡಿಸಿ: ಕೆಎ-22 ಬೆಳಗಾವಿ, ಕೆಎ-23 ಚಿಕ್ಕೋಡಿ, ಕೆಎ-49 ಗೋಕಾಕ, ಕೆಎ-25 ಧಾರವಾಡ, ನಡುವೆ ಕೆಎ-28ರ ವಿಜಯಪುರದ ಇನ್ನೋವಾ. ಕಾಕಾನ ಮಗ, ಆಫೀಸಿನ ಕ್ಲರ್ಕು, ನಿಮ್ಮ ಓಣಿಯ ಕಿರಾಣಿ ಅಂಗಡಿಯವ, ಇವರಲ್ಲಿ ಯಾರೂ ಆ ಶ್ಯಾಕಿನ ಪಕ್ಕದ ಟೇಬಲ್ಲಿನಲ್ಲಿ ಕೂತಿರಬಹುದು. ಕೈ ಹಿಡಿದು ಅಡ್ಡಾಡಲು ಬೆಳಗಾವಿಯ ಕ್ಯಾಂಪಿಗಿಂತ ಬಾಗಾ ಸುರಕ್ಷಿತ ಎಂದು ನನಗೆ ಅನ್ನಿಸುವುದಿಲ್ಲ.

ಗೋವಾ ಬೇಡ ಎನ್ನುತ್ತಿಲ್ಲ, ಗೋವಾದೊಳಗೆ ಜಾಗ ಆರಿಸಿ ಎನ್ನುತ್ತಿದ್ದೇನೆ.

ಅಂಜುಣ, ವಾಗಾತೋರ್, ಅಸ್ಸಗಾಂವ್ ಕಡೆ ಸೀಸನ್ನಿನಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, ನಮ್ಮವರೇ ಆಯೋಜಿಸುವ ಪಾರ್ಟಿಗಳು ಆಗಾಗ ನಡೆಯುತ್ತವೆ. ಕಾಯಂ ಜಾಗ ಎಂಬುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಆ ವಾರದ ಸುದ್ದಿ ನೋಡಿಕೊಂಡೇ ಹೋಗಬೇಕು. ಹಾಸ್ಟೆಲ್‌ಗಳೂ ಹೆಚ್ಚು ಇಲ್ಲೇ. ಒಬ್ಬರೇ ಹೋಗುವವರಿಗೆ ಡಾರ್ಮಿಟರಿಯ ಹಾಸಿಗೆ ಅಗ್ಗವೂ ಹೌದು, ಮಾತಿಗೆ ಜನವೂ ಸಿಗುತ್ತಾರೆ. ಇಬ್ಬರು ಗಂಡಸರಿಗೆ ಮಾತ್ರ ಒಂದು ಕಿರಿಕಿರಿ: ಮಾಮೂಲಿ ಕ್ಲಬ್ಬುಗಳ ಬಾಗಿಲಲ್ಲಿ “ಸ್ಟ್ಯಾಗ್ ಎಂಟ್ರಿ ಇಲ್ಲ”, ಅಂದರೆ ಹುಡುಗಿ ಜೊತೆಗಿಲ್ಲದ ಗಂಡಸರನ್ನು ಬಿಡುವುದಿಲ್ಲ ಎನ್ನುತ್ತಾರೆ, ಇಲ್ಲವೇ ಜೋಡಿಗಿಂತ ದುಪ್ಪಟ್ಟು ರೊಕ್ಕ ಕೇಳುತ್ತಾರೆ. ನೀವೇ ಜೋಡಿ ಎಂದು ಬೌನ್ಸರ್‌ಗೆ ಹೇಳಿ ನೋಡಿ, ಮುಖ ನೋಡುವಂತಿರುತ್ತದೆ!

ಅರಂಬೋಲ್, ಮಾಂಡ್ರೆ ಇನ್ನೂ ಉತ್ತರಕ್ಕೆ. ಹೊರದೇಶದವರು ತಿಂಗಳುಗಟ್ಟಲೆ ಇರುವ ಊರುಗಳಾದ್ದರಿಂದ ಮನೆ ಕೊಡುವವರು ಯಾರು ಯಾರ ಜೊತೆ ಬಂದರು ಎಂದು ಕೇಳುವುದು ಕಡಿಮೆ. ಪಣಜಿಯ ಫೋಂಟೇನ್ಹಾಸ್ ಓಣಿಗಳ ಹಳೇ ಮನೆಗಳ ಹೋಮ್‌ಸ್ಟೇ ಇನ್ನೊಂದು ಆಯ್ಕೆ. ಸಮುದ್ರದ ಹುಚ್ಚಿಲ್ಲದ, ಸ್ವಲ್ಪ ವಯಸ್ಸಾದ ಜೋಡಿಗಳಿಗೆ ಹೇಳಿ ಮಾಡಿಸಿದ ಜಾಗ.

ನನ್ನ ಆಯ್ಕೆ ಕೇಳಿದರೆ ದಕ್ಷಿಣ ಗೋವಾ: ಪಾಲೊಲೆಂ, ಪಾಟ್ನೆಂ, ಅಗೊಂದ. ಕಾಣಕೋಣ ತಾಲ್ಲೂಕಿನ ಈ ಕಡಲತೀರಗಳಿಗೆ ಶನಿವಾರದ ದಂಡು ಅಷ್ಟಾಗಿ ಬರುವುದಿಲ್ಲ, ಯಾಕೆಂದರೆ ಇನ್ನೂ ಎರಡು ತಾಸು ಹೆಚ್ಚು ಗಾಡಿ ಹೊಡೆಯಬೇಕು. ಬಿದಿರು, ಮರದ ಗುಡಿಸಲುಗಳು ಬಿಡಿಬಿಡಿಯಾಗಿರುತ್ತವೆ. ಹೋಟೆಲಿನ ಹಾಗೆ ಪ್ರತಿ ಸಲ ಕೌಂಟರ್ ಮುಂದೆ ಹಾಯಬೇಕಿಲ್ಲ. ಇಬ್ಬರು ಹೆಂಗಸರಿಗೂ ಇದೇ ವಾಸಿ. ರಾತ್ರಿಜೀವನ ತೆಳು. ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಪಾಲೊಲೆಂನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿಗಳು ಹುಟ್ಟಿಕೊಂಡವು. ಮಳೆಗಾಲದಲ್ಲಿ ಈ ಗುಡಿಸಲುಗಳನ್ನೆಲ್ಲ ಬಿಚ್ಚಿಡುತ್ತಾರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಆಸೆ ಬಿಡಿ. ಉತ್ತರದಲ್ಲಿ ಅದೇ ಹೊತ್ತಿಗೆ ಕೋಣೆಯ ಬಾಡಿಗೆ ಅರ್ಧದಷ್ಟು ಇಳಿದಿರುತ್ತದೆ.

ಗೋವಾದ ದೊಡ್ಡ ಕೊರತೆ ಓಡಾಟ. ಓಲಾ, ಉಬರ್ ಇಲ್ಲ, ಗೋವಾಮೈಲ್ಸ್ ಆ್ಯಪ್ ಇದೆ, ಮಧ್ಯರಾತ್ರಿ ಟ್ಯಾಕ್ಸಿಯವ ಹೇಳಿದ್ದೇ ದರ. ಪಾರ್ಟಿಯ ಜಾಗದಿಂದ ನಡೆದು ಹೋಗುವ ದೂರದಲ್ಲೇ ಕೋಣೆ ಹಿಡಿದರೆ ಉಳಿತಾಯ. ಕುಡಿದು ಬಾಡಿಗೆ ಸ್ಕೂಟರ್ ಓಡಿಸುವ ಯೋಚನೆ ಬೇಡವೇ ಬೇಡ. ಇನ್ನೊಂದು ಸಣ್ಣ ಮಾತು: ಬರುವಾಗ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಬಾಟಲಿಗಾಗಿ ಬ್ಯಾಗು ತೆರೆಸುವುದುಂಟು. ಬ್ಯಾಗಿನಲ್ಲಿ ಬೇರೆ ಏನೇನಿದೆ ಎಂಬುದು ನೆನಪಿರಲಿ.

ಬೆಂಗಳೂರು: ಕನ್ನಡದಲ್ಲಿ ನಾವು

ಮಂದಿಯನ್ನು ಹುಡುಕಿಕೊಂಡು ಹೊರಟವರಿಗೆ ನನ್ನ ಉತ್ತರ ಬೆಂಗಳೂರು, ಅದರಲ್ಲೂ ಮೊದಲ ಸಲದವರಿಗೆ. ಕಾರಣ ಪಬ್ ಅಲ್ಲ. ‘ಗುಡ್ ಆ್ಯಸ್ ಯೂ’ ಎಂಬ ಬೆಂಬಲ ಗುಂಪು ಇಲ್ಲಿ 1994ರಲ್ಲಿ ಹುಟ್ಟಿತು. ನಮ್ಮಂಥವರ ಹಕ್ಕುಗಳಿಗಾಗಿ ದುಡಿಯುವ ‘ಸಂಗಮ’ ಸಂಸ್ಥೆ 1999ರಿಂದ ಇದೆ. ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕಟ್ಟಿದ ‘ಒಂದೆಡೆ’ ಸಂಸ್ಥೆ ಇದೆ. ಇಂಗ್ಲಿಷ್ ಬಾರದೆ ಮೂಲೆಯಲ್ಲಿ ನಿಲ್ಲುವ ಮುಜುಗರ ಇಲ್ಲದೆ, ಮನೆಯಲ್ಲಿ ಮದುವೆಗೆ ಜೋರು ಮಾಡುತ್ತಿದ್ದಾರೆ ಎಂಬ ಸಂಕಟವನ್ನು ನಮ್ಮ ಭಾಷೆಯಲ್ಲೇ ಹೇಳಿಕೊಳ್ಳುವ ಅವಕಾಶ ಮುಂಬೈಯಲ್ಲಿ ಸಿಗಲಿಕ್ಕಿಲ್ಲ. 2008ರಿಂದ ನಡೆಯುತ್ತಿರುವ ಪ್ರೈಡ್ ಮೆರವಣಿಗೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಬರುತ್ತದೆ. ಮುಖ ಕಾಣಬಾರದು ಎನ್ನುವವರು ಅಲ್ಲಿ ಮುಖವಾಡ, ಬಣ್ಣ ಹಚ್ಚಿಕೊಂಡು ನಡೆಯುವುದನ್ನು ಎಲ್ಲರೂ ಗೌರವಿಸುತ್ತಾರೆ. ಆದರೂ ಟಿವಿಯವರ ಕ್ಯಾಮೆರಾಗಳಿರುತ್ತವೆ, ಗೊತ್ತಿರಲಿ.

ರಾತ್ರಿಯ ಮಟ್ಟಿಗೆ ಕಾಯಂ ಗೇ ಬಾರ್ ಎಂದು ಕೈ ತೋರಿಸಲು ಬರುವುದಿಲ್ಲ. ಗುಂಪುಗಳು ವಾರಕ್ಕೊಂದು ಜಾಗ ಗೊತ್ತು ಮಾಡಿ ರಾತ್ರಿ ನಡೆಸುತ್ತವೆ, ಹೆಚ್ಚಿನವು ಇಂದಿರಾನಗರ, ಕೋರಮಂಗಲ, ಎಂ.ಜಿ. ರಸ್ತೆಯ ಸುತ್ತ. ಒಂದು ಗಂಟೆಗೆ ಬಾಗಿಲು ಹಾಕುತ್ತಾರೆ. ಕುಡಿಯದವರಿಗೂ ಇಲ್ಲಿ ಕೆಲಸವಿದೆ: ಭಾನುವಾರದ ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು, ನಡೆದಾಗ ಕ್ವಿಯರ್ ಚಿತ್ರೋತ್ಸವ.

ಎಲ್ಲಿ ಉಳಿಯಬೇಕು? ಮೆಜೆಸ್ಟಿಕ್ ಸುತ್ತ ಅಗ್ಗ, ಆದರೆ ಅಲ್ಲಿನ ಲಾಡ್ಜುಗಳು ನಮ್ಮೂರಿನವಕ್ಕಿಂತ ಬೇರೆಯಲ್ಲ, ಕೌಂಟರಿನಲ್ಲಿ ಉತ್ತರ ಕರ್ನಾಟಕದವರೇ ಕೂತಿರುವುದೂ ಉಂಟು. ಇಬ್ಬರು ಹುಡುಗಿಯರು, ಟ್ರಾನ್ಸ್ ಗೆಳೆಯರು ಸ್ವಲ್ಪ ಹೆಚ್ಚು ಕೊಟ್ಟು ಇಂದಿರಾನಗರ, ಹಲಸೂರು ಕಡೆ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿಯುವುದು ಮೇಲು. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ, ಹಲಸೂರು, ಇಂದಿರಾನಗರ ಎಲ್ಲ ಒಂದೇ ಗೆರೆಯಲ್ಲಿವೆ. ಕೊನೆಯ ಮೆಟ್ರೊ ಹನ್ನೊಂದರ ಸುಮಾರಿಗೆ, ಅದರ ಮೇಲೆ ಕ್ಯಾಬು.

ಐನೂರು ಕಿಲೋಮೀಟರ್ ದೂರ ಎಂದು ಹೆದರಬೇಕಿಲ್ಲ. ರಾತ್ರಿ ರೈಲಿನಲ್ಲಿ ಹೋಗಿ ರಾತ್ರಿ ರೈಲಿನಲ್ಲಿ ಬಂದರೆ ಎರಡು ರಾತ್ರಿಯ ಬಾಡಿಗೆ ಉಳಿಯುತ್ತದೆ, ಒಂದೇ ರಾತ್ರಿಗೆ ಕೋಣೆ ಸಾಕು. ಬೆಳಗಾವಿಯಿಂದ ವಂದೇ ಭಾರತ್ 2025ರ ಆಗಸ್ಟಿನಲ್ಲಿ ಶುರುವಾಗಿದೆ, ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ತಲುಪುತ್ತದೆ; ನಮ್ಮ ಲೆಕ್ಕಕ್ಕೆ ಅದು ದುಬಾರಿ, ಅರ್ಧ ಶನಿವಾರವನ್ನೂ ತಿನ್ನುತ್ತದೆ. ಪರಿಚಯದ ಮುಖಗಳ ಭಯ ಬೆಂಗಳೂರಿನಲ್ಲೂ ಇದೆ, ನಮ್ಮ ಅರ್ಧ ಬಳಗ ಅಲ್ಲೇ ಐಟಿ ಕೆಲಸದಲ್ಲಿದೆ. ಆದರೆ ಊರು ದೊಡ್ಡದು, ಅವರೆಲ್ಲ ಒಂದೇ ಬೀಚಿನಲ್ಲಿ ನೆರೆಯುವುದಿಲ್ಲ.

ಮುಂಬೈ: ರಾತ್ರಿ ಬೇಕೆಂದರೆ ಇದೇ

ಕುಣಿಯುವುದೇ ಮುಖ್ಯ ಎಂದರೆ ಮುಂಬೈಗೆ ಸಾಟಿ ಇಲ್ಲ. ಅಶೋಕ್ ರಾವ್ ಕವಿ 1994ರಲ್ಲಿ ನಮ್ಮಂಥವರಿಗಾಗಿ ಹಮ್‌ಸಫರ್ ಟ್ರಸ್ಟ್ ಕಟ್ಟಿದ ಊರು. ಗೇ ಬಾಂಬೆ ಗುಂಪಿನ ಪಾರ್ಟಿಗಳಿಗೆ ಎರಡು ದಶಕ ಮೀರಿದ ಇತಿಹಾಸ. ಕಶಿಶ್ ಎಂಬ ಕ್ವಿಯರ್ ಚಿತ್ರೋತ್ಸವ 2010ರಿಂದ ನಡೆಯುತ್ತಿದೆ. ಅಂಧೇರಿ ಪೂರ್ವದಲ್ಲಿ ವಿಮಾನ ನಿಲ್ದಾಣದ ಬಳಿ ಇರುವ ಲಲಿತ್ ಹೋಟೆಲಿನ ಕಿಟ್ಟಿ ಸು ಕ್ಲಬ್ಬು ವೇಷ ಹಾಕಿ ಕುಣಿಯುವ ಡ್ರ್ಯಾಗ್ ಪ್ರದರ್ಶನಗಳಿಂದಲೇ ಹೆಸರು ಮಾಡಿತು. ಆ ಹೋಟೆಲ್ ಬಳಗದ ಕೇಶವ್ ಸೂರಿ 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲೊಬ್ಬರು. ಅಲ್ಲಿ ಉಳಿಯುವ ಶಕ್ತಿ ನಮಗೆಲ್ಲಿ ಬರಬೇಕು, ಆದರೆ ಕುಣಿದು ಬರಬಹುದು. ಬಾಂದ್ರಾ, ವರ್ಸೋವಾ ಕಡೆಯ ಕೆಫೆ, ಕಡಲದಂಡೆಗಳಲ್ಲಿ ಹಗಲಿನಲ್ಲೂ ಜೋಡಿಗಳು ಹಗುರಾಗಿ ಓಡಾಡುತ್ತಾರೆ.

ಬೆಲೆ ಕೋಣೆಯಲ್ಲಿ ತೆರಬೇಕು. ಬೆಂಗಳೂರಿನ ಒಳ್ಳೆ ಕೋಣೆಯ ರೊಕ್ಕಕ್ಕೆ ಮುಂಬೈಯಲ್ಲಿ ಕಿಟಕಿ ಇಲ್ಲದ ಗೂಡು ಸಿಗುತ್ತದೆ. ದಾದರ್, ಸಿಎಸ್‌ಎಂಟಿ ಸುತ್ತಲಿನ ಅಗ್ಗದ ಗೆಸ್ಟ್‌ಹೌಸ್‌ಗಳಿಗಿಂತ ಅಂಧೇರಿ ಪೂರ್ವದ ಮಧ್ಯಮ ದರ್ಜೆಯ ಬಿಸಿನೆಸ್ ಹೋಟೆಲುಗಳು ನಮ್ಮಂಥವರಿಗೆ ಹೊಂದುತ್ತವೆ, ಯಾರು ಎಷ್ಟು ಹೊತ್ತಿಗೆ ಬಂದರು ಹೋದರು ಎಂಬ ಗೊಡವೆ ಅವರಿಗಿಲ್ಲ. ಲೋಕಲ್ ರೈಲು ನಡುರಾತ್ರಿ ಕಳೆದು ಒಂದರ ಸುಮಾರಿಗೆ ನಿಂತರೆ ಮತ್ತೆ ನಾಲ್ಕರ ಸುಮಾರಿಗೆ ಶುರು. ಹೋಗಲು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ, ದಾದರಿಗೆ ಹೋಗುವ ಚಾಲುಕ್ಯದಂಥ ರೈಲುಗಳು (ಪ್ರತಿದಿನ ಇಲ್ಲ), ಇಲ್ಲವೇ ರಾತ್ರಿ ಸ್ಲೀಪರ್ ಬಸ್ಸು. ಕೈಯಲ್ಲಿ ಮೂರು ದಿನ ಇಲ್ಲದಿದ್ದರೆ ಮುಂಬೈ ಹೊಳೆಯುವ ಮೊದಲೇ ವಾಪಸ್ಸು ಹೊರಡಬೇಕಾಗುತ್ತದೆ.

ಪುಣೆ

ಪುಣೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಿಂದುಮಾಧವ ಖಿರೆ 2002ರಲ್ಲಿ ಶುರು ಮಾಡಿದ ಸಮಪಥಿಕ್ ಟ್ರಸ್ಟ್ ನಮ್ಮಂಥವರಿಗಾಗಿ ಮರಾಠಿಯಲ್ಲೇ ಮಾಡಿದ ಕೆಲಸ ದೊಡ್ಡದು, 2011ರಿಂದ ಪ್ರೈಡ್ ಇದೆ. ಮನೆಮಾತು ಮರಾಠಿಯಾದ ಬೆಳಗಾವಿಯವರಿಗೆ, ನಿಪ್ಪಾಣಿ ಖಾನಾಪುರದವರಿಗೆ ಬೆಂಗಳೂರಿಗಿಂತ ಇದೇ ಮನೆಯಂತೆ ಅನ್ನಿಸೀತು. ಕೋರೆಗಾಂವ್ ಪಾರ್ಕ್, ಕಲ್ಯಾಣಿನಗರ ಕಡೆ ಉಳಿದರೆ ಕೆಫೆಗಳೂ ಕ್ಲಬ್ಬುಗಳೂ ಕೈಗೆಟಕುತ್ತವೆ. ಸ್ವಾರಗೇಟ್ ಸುತ್ತಲಿನ ಲಾಡ್ಜುಗಳಲ್ಲಿ ಪ್ರಶ್ನೆಗಳು ಹೆಚ್ಚು. ಆದರೆ ಅಕ್ಕತಂಗಿ, ಅಣ್ಣತಮ್ಮಂದಿರಲ್ಲಿ ಯಾರಾದರೂ ಅಲ್ಲಿ ಓದುತ್ತಿದ್ದರೆ “ಪುಣೆಗೆ ಬಂದು ಮನಿಗೆ ಬರ್ಲಿಲ್ಲೇನು?” ಎಂಬ ಫೋನು ಗ್ಯಾರಂಟಿ. ರಾತ್ರಿಗೆ ಮುಂಬೈಯಷ್ಟಿಲ್ಲ, ಬೆಂಬಲಕ್ಕೆ ಬೆಂಗಳೂರಿನಷ್ಟಿಲ್ಲ, ಸಮುದ್ರವಂತೂ ಇಲ್ಲ.

ಯಾರಿಗೆ ಯಾವುದು

ಒಟ್ಟಿಗೆ ವರ್ಷಗಳಿಂದ ಇರುವ ಜೋಡಿ, ಸುಮ್ಮನೆ ಎರಡು ದಿನ ಬೇಕು ಎಂದರೆ ಸೀಸನ್ನಿನ ದಕ್ಷಿಣ ಗೋವಾ. ಮಳೆಗಾಲದಲ್ಲಿ ಅರಂಬೋಲ್ ಅಥವಾ ಪಣಜಿ. ಯಾರಿಗೂ ಇನ್ನೂ ಹೇಳಿಕೊಳ್ಳದ ಇಪ್ಪತ್ತರ ಹರೆಯದವರು ಬೆಂಗಳೂರಿಗೆ ಹೋಗಿ, ಪಾರ್ಟಿಗಲ್ಲ, ಒಂದು ಗುಂಪಿನ ಸಭೆಗೆ. ಕೈಯಲ್ಲಿ ರೊಕ್ಕವಿದ್ದು ಇಪ್ಪತ್ತೈದು ದಾಟಿ ರಾತ್ರಿಯೇ ಬೇಕೆಂದರೆ ಮುಂಬೈ. ಟ್ರಾನ್ಸ್ ಮಹಿಳೆಯರಿಗೆ, ಅದರಲ್ಲೂ ಐಡಿಯಲ್ಲಿ ಹಳೇ ಹೆಸರು, ಹಳೇ ಫೋಟೊ ಇರುವವರಿಗೆ, ಊರಿಗಿಂತ ಕೋಣೆ ಮುಖ್ಯ: ಬೆಂಗಳೂರು ಅಥವಾ ಮುಂಬೈಯ ಯಾವುದಾದರೂ ಸಂಸ್ಥೆಗೆ ಮೊದಲೇ ಫೋನ್ ಮಾಡಿ, ಅವರು ಬಲ್ಲ ಜಾಗದಲ್ಲೇ ಇಳಿದುಕೊಳ್ಳಿ.

ವಿಜಯಪುರ, ಬಾಗಲಕೋಟೆಯವರಿಗೆ ಲೆಕ್ಕ ತಿರುಗುತ್ತದೆ. ನಿಮಗೆ ಗೋವಾ ಹತ್ತಿರವಲ್ಲ, ಬೆಳಗಾವಿ ದಾಟಿಯೇ ಹೋಗಬೇಕು. ವಿಜಯಪುರದಿಂದ ಸೊಲ್ಲಾಪುರ ನೂರು ಕಿಲೋಮೀಟರ್, ಅಲ್ಲಿಂದ ಪುಣೆ ಹಾದು ಮುಂಬೈಗೆ ರೈಲುಗಳು ಬೇಕಾದಷ್ಟು. ಬೆಂಗಳೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಎರಡೂ ಊರುಗಳ ಮೇಲೆ ಹಾಯುತ್ತದೆ. ಹಾಗಾಗಿ ನಿಮಗೆ ಮೊದಲ ಆಯ್ಕೆ ಬೆಂಗಳೂರು, ಎರಡನೆಯದು ಸೊಲ್ಲಾಪುರದ ದಾರಿಯ ಮುಂಬೈ.

ಯಾವ ಊರಾದರೂ ಬುಕ್ ಮಾಡಿದ ಮೇಲೆ ಹೋಟೆಲಿಗೇ ನೇರ ಫೋನ್ ಮಾಡಿ ಮೂರು ಮಾತು ಕೇಳಿ: ಇಬ್ಬರ ಐಡಿಯೂ ಬೇರೆ ವಿಳಾಸದ್ದು, ಅಥವಾ ಒಂದೇ ಊರಿನದು, ನಡೆಯುತ್ತದೆಯೇ? ಒಂದೇ ದೊಡ್ಡ ಹಾಸಿಗೆ ಸಿಗುತ್ತದೆಯೇ? ರಾತ್ರಿ ತಡವಾಗಿ ಬಂದರೆ ಗೇಟು ತೆರೆಯುತ್ತಾರೆಯೇ? ಉತ್ತರ ತಡವರಿಸಿದರೆ ಆಗಲೇ ರದ್ದು ಮಾಡಿ. ಹಣ ವಾಪಸ್ಸು ಬರುವ ಬುಕಿಂಗನ್ನೇ ಆರಿಸಿದ್ದರೆ ನಷ್ಟವಿಲ್ಲ.

ಡೇಟಿಂಗ್ ಆ್ಯಪಿನಲ್ಲಿ ಹೊಸ ಊರಿನಲ್ಲಿ ಪರಿಚಯವಾದವರನ್ನು ಕೋಣೆಗೆ ಕರೆಯುವ ಮೊದಲು ಜನರಿರುವ ಕೆಫೆಯಲ್ಲಿ ಭೇಟಿಯಾಗಿ, ವಿಡಿಯೊ ಕರೆ ಮಾಡಿ ಮುಖ ನೋಡಿಕೊಳ್ಳಿ. ಕರೆಸಿಕೊಂಡು ಫೋಟೊ ತೆಗೆದು “ಮನೆಗೆ ಕಳಿಸ್ತೇವೆ” ಎಂದು ರೊಕ್ಕ ಕೀಳುವ ತಂಡಗಳು ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಹಾಗಾದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಮೆಸೇಜು ಅಳಿಸಬೇಡಿ, 112ಕ್ಕೆ ಕರೆ ಮಾಡಿ. ಅಪರಾಧ ಮಾಡಿದವರು ಅವರು. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಲ್ಲಿ ಅದು ಸುಲಿಗೆ. ಠಾಣೆಗೆ ಒಬ್ಬರೇ ಹೋಗಲು ಅಳುಕಿದ್ದರೆ ಮೇಲೆ ಹೇಳಿದ ಸಂಸ್ಥೆಗಳಿಗೆ ಮೊದಲು ಫೋನ್ ಮಾಡಿ, ಜೊತೆಗೆ ಬರುವವರನ್ನು ಕೇಳಿ.